ವಾಟರ್ ಪಾರ್ಕಿನಲ್ಲಿ ಮಗನ ಕೈ ಮುರಿಯಿತು, ತಪ್ಪು ನನ್ನದೂ ಇದೆ ಅನಿಸುತ್ತಿದೆ. ಸಹಿ ಹಾಕಿ ಮುಗಿಸಲಾ?

ಬೆಣ್ಣೆನಗರಿ_ಅಪ್ಪ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮದು ದಾವಣಗೆರೆ. ಬೇಸಿಗೆ ರಜೆಗೆ ನಾವು ಮತ್ತು ನನ್ನ ಷಡ್ಡಕರ ಮನೆಯವರು, ಒಟ್ಟು ಒಂಬತ್ತು ಜನ, ಬೆಂಗಳೂರಿನ ಹೊರಗಿರುವ ಒಂದು ವಾಟರ್ ಪಾರ್ಕಿಗೆ ಹೋಗಿದ್ದೆವು. ಹೆಸರು ಬರೆಯುವುದಿಲ್ಲ. ಭಾನುವಾರ, ಕಾಲಿಡಲು ಜಾಗ ಇರಲಿಲ್ಲ. ಊಟ ಆದ ಮೇಲೆ ಮಗ (11 ವರ್ಷ) ಮುಚ್ಚಿದ ಟ್ಯೂಬಿನ ಸ್ಲೈಡಿಗೆ ಹೋಗುತ್ತೇನೆ ಎಂದ. ಎತ್ತರ ಅಳೆಯುವ ಪಟ್ಟಿಯ ಹತ್ತಿರ ನಿಲ್ಲಿಸಿ ನೋಡಿ ಸರಿ ಇದೆ ಎಂದು ಬಿಟ್ಟರು. ನಾನು ಕೆಳಗೆ ಕೊಳದ ಅಂಚಿನಲ್ಲಿ ಪ್ಲಾಸ್ಟಿಕ್ ಪೌಚಿನಲ್ಲಿ ಮೊಬೈಲ್ ಹಿಡಿದು ನಿಂತಿದ್ದೆ.

ಬಂದು ನೀರಿಗೆ ಬಿದ್ದ. ಎದ್ದು ನಿಂತ, ಕಣ್ಣು ಒರೆಸಿಕೊಂಡ. ನಾನು "ಅಲ್ಲೇ ನಿಲ್ಲು ಪುಟ್ಟಾ, ಇಲ್ಲಿ ನೋಡು" ಎಂದು ಕೂಗಿದೆ. ಅವನು ನನ್ನ ಕಡೆ ತಿರುಗಿ ಎರಡೂ ಕೈ ಎತ್ತಿದ. ಅಷ್ಟರಲ್ಲಿ ಟ್ಯೂಬಿನಿಂದ ಒಬ್ಬ ದೊಡ್ಡ ಆಳು ಕಾಲು ಮುಂದೆ ಮಾಡಿಕೊಂಡು ಬಂದು ಅವನ ಮೇಲೇ ಬಿದ್ದ. ಎತ್ತಿ ಹೊರಗೆ ತಂದಾಗ ಎಡಗೈ ಮೊಣಕೈಗೂ ಮಣಿಕಟ್ಟಿಗೂ ನಡುವೆ ಬಾಗಿತ್ತು. ಅವನು ಅಳಲೇ ಇಲ್ಲ, ಕೈಯನ್ನೇ ನೋಡುತ್ತಿದ್ದ. ಅದು ನನಗೆ ಇನ್ನೂ ಕಣ್ಣ ಮುಂದೆ ಇದೆ.

ಅವರ ಫಸ್ಟ್ ಏಡ್ ರೂಮಿನಲ್ಲಿ ಐಸ್ ಇಟ್ಟು ಬ್ಯಾಂಡೇಜ್ ಸುತ್ತಿದರು. ಆಂಬ್ಯುಲೆನ್ಸ್ ಬರಲು ಅರ್ಧ ಗಂಟೆ. ಎರಡು ಮೂಳೆಯೂ ಮುರಿದಿತ್ತು, ಪ್ಲೇಟ್ ಹಾಕಿದ್ದಾರೆ. ಬಿಲ್ 1,68,000 ಆಯಿತು. ಆಫೀಸಿನ ಇನ್ಶೂರೆನ್ಸ್ 1,10,000 ಕೊಟ್ಟಿದೆ, ಉಳಿದದ್ದು ಕೈಯಿಂದ.

ನಾಲ್ಕನೇ ದಿನ ಪಾರ್ಕಿನ ಮ್ಯಾನೇಜರ್ ಫೋನ್ ಮಾಡಿದರು. ಟಿಕೆಟ್ ಹಣ ವಾಪಸ್, ಜೊತೆಗೆ 15,000, ಮುಂದಿನ ವರ್ಷಕ್ಕೆ ಇಡೀ ಮನೆಯವರಿಗೆ ಫ್ರೀ ಪಾಸ್. ಅದಕ್ಕೆ ಒಂದು ಕಾಗದ ಮೇಲ್ ಮಾಡಿದ್ದಾರೆ, "ಪೂರ್ತಿ ಇತ್ಯರ್ಥವಾಗಿದೆ, ಮುಂದೆ ಯಾವ ಕ್ಲೇಮ್ ಇಲ್ಲ" ಅಂತ. ಸಹಿ ಹಾಕಬೇಕಂತೆ. ಟಿಕೆಟಿನ ಹಿಂದೆ "ಎಲ್ಲ ರೈಡ್‌ಗಳೂ ನಿಮ್ಮ ಸ್ವಂತ ಜವಾಬ್ದಾರಿಯ ಮೇಲೆ" ಎಂದು ಇದೆ, ಬೋರ್ಡೂ ಇದೆ, ಆದ್ದರಿಂದ ಕೇಸ್ ಹಾಕಿದರೂ ಏನೂ ಸಿಗಲ್ಲ ಎಂದರು.

ಷಡ್ಡಕರು ಆ ಮೇಲೆ ಬಿದ್ದವನ ಮೇಲೆ ಕೇಸ್ ಹಾಕು ಅನ್ನುತ್ತಾರೆ. ಅವನು ಪಿಜಿಯಲ್ಲಿರುವ ಹುಡುಗ, 24-25 ಇರಬಹುದು, ರಾತ್ರಿ ಒಂಬತ್ತರವರೆಗೆ ಒದ್ದೆ ಬಟ್ಟೆಯಲ್ಲೇ ಆಸ್ಪತ್ರೆಯ ಹೊರಗೆ ನಿಂತಿದ್ದ. ಅಮ್ಮ "ಗ್ರಹಚಾರ, ಕೈಯಲ್ಲೇ ಹೋಯಿತಲ್ಲ, ಬಿಟ್ಟುಬಿಡು" ಅನ್ನುತ್ತಾರೆ.

ನನ್ನ ಹತ್ತಿರ ವಿಡಿಯೋ ಇದೆ. ಎಲ್ಲ ಕಾಣುತ್ತದೆ. ಆದರೆ "ಅಲ್ಲೇ ನಿಲ್ಲು" ಎಂಬ ನನ್ನ ದನಿಯೂ ಸ್ಪಷ್ಟವಾಗಿ ಕೇಳುತ್ತದೆ. ಅದನ್ನು ಕಟ್ ಮಾಡಿ ಕೊಡಬಹುದಾ? ಅಥವಾ ವಿಡಿಯೋ ಇದೆ ಎಂದೇ ಹೇಳದಿರುವುದು ಒಳ್ಳೆಯದಾ? ನಾನೇ ನಿಲ್ಲಿಸಿದ್ದೇನೆ ಅಂದ ಮೇಲೆ ಬೇರೆಯವರನ್ನು ಕೇಳುವ ಹಕ್ಕು ನನಗಿದೆಯಾ?

ಇಬ್ಬರು_ಮಕ್ಕಳ_ಅಮ್ಮ

ಮಗು ಬೇಗ ಹುಷಾರಾಗಲಿ. ಬೇಜಾರು ಮಾಡಿಕೊಳ್ಳಬೇಡಿ, ಆದರೆ ನೀವು ಕೇಳಿದ್ದೀರಿ ಅಂತ ನೇರವಾಗಿ ಹೇಳುತ್ತೇನೆ. ಸ್ಲೈಡಿನ ಬಾಯಿಯ ಎದುರಿಗೆ ನಿಲ್ಲಬಾರದು ಎಂದು ಪ್ರತಿ ಪಾರ್ಕಿನಲ್ಲೂ ಬರೆದಿರುತ್ತಾರೆ. ಮಗುವಿಗೆ ಗೊತ್ತಾಗಲ್ಲ, ನಮಗೆ ಗೊತ್ತಾಗಬೇಕು. ಹೋದ ವರ್ಷ ನಾವು ಹೋದಾಗ ಅರ್ಧಕ್ಕರ್ಧ ಅಪ್ಪ ಅಮ್ಮಂದಿರು ಕೊಳದ ಸುತ್ತ ಮೊಬೈಲ್ ಹಿಡಿದು ನಿಂತಿದ್ದರು, ಮಕ್ಕಳು ನೀರಿನಿಂದ ಎದ್ದ ಕೂಡಲೇ ಪೋಸು. ನಾನೂ ಅದನ್ನೇ ಮಾಡಿದ್ದೆ, ಈಗ ಇದನ್ನು ಓದಿ ಕೈಕಾಲು ತಣ್ಣಗಾಯಿತು.

ಎಲ್ಲದಕ್ಕೂ ಪಾರ್ಕನ್ನೇ ಹೊಣೆ ಮಾಡಿದರೆ ನಾಳೆ ಮಕ್ಕಳನ್ನು ಒಳಗೇ ಬಿಡಲ್ಲ ಎನ್ನುತ್ತಾರೆ. ನಿಮ್ಮ ಪಾಲು ನೀವು ಒಪ್ಪಿಕೊಳ್ಳಬೇಕು ಅನಿಸುತ್ತದೆ.

ಮಂಡ್ಯದ_ಹಳೇ_ಲೈಫ್‌ಗಾರ್ಡ್

ಮೇಡಂ ಹೇಳಿದ್ದು ಒಂದು ಮಟ್ಟಿಗೆ ಸರಿ. ಆದರೆ ನಾನು ಎರಡು ಸೀಸನ್ ಒಂದು ವಾಟರ್ ಪಾರ್ಕಿನಲ್ಲಿ ಕೆಲಸ ಮಾಡಿದವನು, ಸ್ಲೈಡ್ ಹೇಗೆ ನಡೆಸುತ್ತಾರೆ ಎಂದು ಹೇಳುತ್ತೇನೆ, ಆಮೇಲೆ ಯೋಚನೆ ಮಾಡಿ.

ಒಂದು ಸ್ಲೈಡಿಗೆ ಕಡಿಮೆ ಅಂದರೂ ಇಬ್ಬರು ಬೇಕು. ಮೇಲೆ ಒಬ್ಬ, ಕೆಳಗೆ ಕೊಳದ ಹತ್ತಿರ ಒಬ್ಬ. ಮುಚ್ಚಿದ ಟ್ಯೂಬಿನಲ್ಲಿ ಮೇಲಿನವನಿಗೆ ಕೆಳಗೆ ಏನಾಗುತ್ತಿದೆ ಎಂದು ಕಾಣುವುದೇ ಇಲ್ಲ. ಕೆಳಗಿನವನು ಕೊಳ ಖಾಲಿ ಎಂದು ನೋಡಿ ಕೈ ಎತ್ತಬೇಕು, ಇಲ್ಲವೇ ಶಿಳ್ಳೆ, ಇಲ್ಲವೇ ವಾಕಿಟಾಕಿ. ಕೆಲವು ಕಡೆ ಕೆಂಪು ಹಸಿರು ದೀಪ ಇರುತ್ತದೆ. ಆ ಸೂಚನೆ ಬಂದ ಮೇಲೆ ಮಾತ್ರ ಮುಂದಿನವರನ್ನು ಬಿಡಬೇಕು. ಸೆಕೆಂಡ್ ಎಣಿಸಿ ಬಿಡುವುದಲ್ಲ, ಕೊಳ ಖಾಲಿ ಆಯಿತಾ ಎಂದು ನೋಡಿ ಬಿಡುವುದು.

ಯಾಕೆ ಅಂದರೆ ಕೆಳಗೆ ಬಂದ ಮಗು ಕೂಡಲೇ ಎದ್ದು ಹೋಗುವುದಿಲ್ಲ. ಮೂಗಿಗೆ ನೀರು ಹೋಗಿರುತ್ತದೆ, ಕಣ್ಣು ಉರಿಯುತ್ತದೆ, ಯಾವ ಕಡೆ ಮೆಟ್ಟಿಲು ಎಂದು ಗೊತ್ತಾಗಲ್ಲ. ಕೆಲವರ ಚಡ್ಡಿ ಜಾರಿರುತ್ತದೆ, ಅದನ್ನು ಎಳೆದುಕೊಳ್ಳುತ್ತಾ ನಿಲ್ಲುತ್ತಾರೆ. ದಿನಕ್ಕೆ ನೂರಾರು ಜನ ಹೀಗೆ ನಿಲ್ಲುತ್ತಾರೆ. ಅಪ್ಪ ಕೂಗಲಿ ಬಿಡಲಿ ನಿಲ್ಲುತ್ತಾರೆ. ಅದಕ್ಕೇ ಅಲ್ವಾ ಕೆಳಗೆ ಒಬ್ಬನನ್ನು ಇಡುವುದು? ನಿಂತವರನ್ನು "ಈ ಕಡೆ ಬನ್ನಿ" ಎಂದು ಕಳಿಸುವುದೇ ನಮ್ಮ ಕೆಲಸ. ದೊಡ್ಡವರು ಹಗುರ ಮಕ್ಕಳಿಗಿಂತ ಜೋರಾಗಿ ಬರುತ್ತಾರೆ, ಆದ್ದರಿಂದ ಮಗುವಿನ ಹಿಂದೆ ದೊಡ್ಡವರನ್ನು ಬಿಡುವಾಗ ಇನ್ನೂ ಹುಷಾರಾಗಿರಬೇಕು.

ಸೀಸನ್ ಭಾನುವಾರ ಏನಾಗುತ್ತದೆ ಎಂದರೆ ಕ್ಯೂ ಮೆಟ್ಟಿಲು ದಾಟಿ ಹೊರಗೆ ಬಂದಿರುತ್ತದೆ. ಜನ ಕೂಗುತ್ತಾರೆ. ಸೂಪರ್‌ವೈಸರ್ ಬಂದು "ಬೇಗ ಬಿಡ್ರೋ" ಅನ್ನುತ್ತಾರೆ. ಕೆಳಗಿನವನನ್ನು ಅರ್ಧ ಗಂಟೆ ಬೇರೆ ಕಡೆ ಹಾಕುತ್ತಾರೆ. ಮೇಲಿನವನು ಅಂದಾಜಿನ ಮೇಲೆ ಬಿಡಲು ಶುರು ಮಾಡುತ್ತಾನೆ. ನಾನೂ ಹಾಗೆ ಬಿಟ್ಟಿದ್ದೇನೆ. ಒಂದು ಸಲ ಇಬ್ಬರು ಹುಡುಗರು ತಲೆಗೆ ತಲೆ ಹೊಡೆದುಕೊಂಡರು, ಹುಬ್ಬಿನ ಹತ್ತಿರ ಐದು ಹೊಲಿಗೆ ಬಿತ್ತು. ಆ ಶಬ್ದ ಮೇಲಿನವರೆಗೂ ಕೇಳಿಸಿತು. ಮಾರನೆಯ ದಿನವೇ ಕೆಲಸ ಬಿಟ್ಟೆ.

ಅಣ್ಣಾ, ನಿಮ್ಮ ವಿಡಿಯೋದಲ್ಲಿ ಎರಡು ವಿಷಯ ನೋಡಿ ಹೇಳಿ. ಮಗ ನೀರಿಗೆ ಬಿದ್ದ ಕ್ಷಣದಿಂದ ಆ ಹುಡುಗ ಹೊರಗೆ ಬಂದ ಕ್ಷಣಕ್ಕೆ ಎಷ್ಟು ಸೆಕೆಂಡ್? ಕೆಳಗಿನ ಗಾರ್ಡ್ ಎಲ್ಲಿದ್ದಾನೆ?

ಬೆಣ್ಣೆನಗರಿ_ಅಪ್ಪ

ಈಗ ನಿಧಾನವಾಗಿ ಮತ್ತೆ ಮತ್ತೆ ಹಾಕಿ ನೋಡಿದೆ. ಇಷ್ಟು ದಿನ ಪೂರ್ತಿ ನೋಡಲು ಆಗಿರಲಿಲ್ಲ. ನೀರಿಗೆ ಬಿದ್ದ ಮೇಲೆ 7 ಸೆಕೆಂಡಿಗೆ ಆ ಹುಡುಗ ಬರುತ್ತಾನೆ. ನಾನು ಕೂಗುವುದು 4ನೇ ಸೆಕೆಂಡಿಗೆ. ಗಾರ್ಡ್ ಇಲ್ಲ. ಛತ್ರಿ ಕೆಳಗೆ ಕೆಂಪು ಕುರ್ಚಿ ಇದೆ, ಅದರ ಮೇಲೆ ಒಂದು ಟವಲ್, ಅದರ ಮೇಲೆ ಶಿಳ್ಳೆ ಇಟ್ಟಿದೆ.

ಮಂಡ್ಯದ_ಹಳೇ_ಲೈಫ್‌ಗಾರ್ಡ್

ಆ ಸ್ಲೈಡ್ ಮೇಲಿನಿಂದ ಕೆಳಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ? ನಿಮ್ಮ ಕಡೆಯವರು ಬೇರೆ ಯಾರಾದರೂ ಮೇಲಿಂದ ವಿಡಿಯೋ ಮಾಡಿದ್ದಾರಾ?

ಬೆಣ್ಣೆನಗರಿ_ಅಪ್ಪ

ಷಡ್ಡಕರ ಮಗಳು ಮಾಡಿದ್ದಾಳೆ, ಅವಳ ಅಣ್ಣ ಹೋಗಿದ್ದು. ಮೇಲೆ ಕೈ ಬಿಟ್ಟಲ್ಲಿಂದ ಕೆಳಗೆ ನೀರಿನ ಸದ್ದಿನವರೆಗೆ 14 ಸೆಕೆಂಡ್.

ಮಂಡ್ಯದ_ಹಳೇ_ಲೈಫ್‌ಗಾರ್ಡ್

ಹಾಗಾದರೆ ಲೆಕ್ಕ ಮಾಡಿ. ಆ ಹುಡುಗನೂ ಟ್ಯೂಬಿನಲ್ಲಿ ಸುಮಾರು 14 ಸೆಕೆಂಡ್ ಇದ್ದ ಎಂದರೆ, ನಿಮ್ಮ ಮಗ ನೀರಿಗೆ ಬೀಳುವ 7 ಸೆಕೆಂಡ್ ಮೊದಲೇ ಅವನನ್ನು ಮೇಲಿಂದ ಬಿಟ್ಟಿದ್ದಾರೆ. ಅವನು ದಪ್ಪ ಇದ್ದ, ಜೋರಾಗಿ ಬಂದ, 11 ಸೆಕೆಂಡಿಗೇ ಇಳಿದ ಎಂದುಕೊಂಡರೂ 4 ಸೆಕೆಂಡ್ ಮೊದಲು. ಹೇಗೆ ನೋಡಿದರೂ ನಿಮ್ಮ ಮಗ ಇನ್ನೂ ಟ್ಯೂಬಿನ ಒಳಗೇ ಇದ್ದಾಗ ಮುಂದಿನವನನ್ನು ತಳ್ಳಿ ಆಗಿತ್ತು. ನೀವು ಬಾಯಿ ತೆರೆಯುವ ಹೊತ್ತಿಗೆ ಅವನು ಅರ್ಧಕ್ಕಿಂತ ಹೆಚ್ಚು ದಾರಿ ಬಂದಿದ್ದ. ಟ್ಯೂಬಿನಲ್ಲಿ ಬ್ರೇಕ್ ಹಾಕಲು ಆಗುತ್ತಾ? ಆ ಹುಡುಗನನ್ನೂ ಬಿಟ್ಟುಬಿಡಿ, ಹೋಗು ಅಂದಾಗ ಹೋಗಿದ್ದಾನೆ ಅಷ್ಟೇ.

ತುಂಗಾತೀರದ_ವಕೀಲ

ನಾನು ಶಿವಮೊಗ್ಗದಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ, ಗ್ರಾಹಕರ ಆಯೋಗದ ಕೇಸುಗಳೇ ಜಾಸ್ತಿ. ಮೇಲಿನ ಲೈಫ್‌ಗಾರ್ಡ್ ಸಹೋದರರು ಬರೆದದ್ದನ್ನು ಒಂದು ಹಾಳೆಯಲ್ಲಿ ಇಳಿಸಿಕೊಳ್ಳಿ, ನಿಮ್ಮ ಕೇಸಿನ ಜೀವ ಅದರಲ್ಲಿದೆ.

ಮೊದಲನೆಯದು, ಆ ಕಾಗದಕ್ಕೆ ಸಹಿ ಹಾಕಬೇಡಿ. ಹಣ ತೆಗೆದುಕೊಳ್ಳುವುದು ತಪ್ಪಲ್ಲ, "ಮುಂದೆ ಯಾವ ಕ್ಲೇಮ್ ಇಲ್ಲ" ಎಂಬ ಸಾಲು ತೊಂದರೆ. ಹನ್ನೊಂದು ವರ್ಷದ ಮಗುವಿನ ಮೂಳೆ ಇನ್ನೂ ಬೆಳೆಯುತ್ತಿದೆ. ಪ್ಲೇಟ್ ತೆಗೆಯಲು ಇನ್ನೊಂದು ಆಪರೇಷನ್ ಬೇಕಾಗಬಹುದು. ಅದರ ಖರ್ಚು ಗೊತ್ತಾಗುವ ಮೊದಲೇ ಇತ್ಯರ್ಥ ಹೇಗೆ ಮಾಡುತ್ತೀರಿ? ಡಾಕ್ಟರ ಹತ್ತಿರ ಮುಂದಿನ ಚಿಕಿತ್ಸೆ ಮತ್ತು ಅಂದಾಜು ಖರ್ಚನ್ನು ಬರೆಸಿಕೊಳ್ಳಿ.

ಎರಡನೆಯದು ಟಿಕೆಟಿನ ಹಿಂದಿನ ಸಾಲು. ಇದನ್ನು ತೋರಿಸಿ ಜನರನ್ನು ಹೆದರಿಸುವುದು ಎಲ್ಲ ಕಡೆ ಇದೆ. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ದೆಹಲಿಯ ತಾಜ್ ಮಹಲ್ ಹೋಟೆಲಿನ ವ್ಯಾಲೆಗೆ, ಅಂದರೆ ಕಾರು ತೆಗೆದುಕೊಂಡು ಹೋಗಿ ನಿಲ್ಲಿಸುವ ಕೆಲಸಗಾರನಿಗೆ, ಒಬ್ಬರು ಮಾರುತಿ ಝೆನ್ ಕೊಟ್ಟಿದ್ದರು, 1998ರಲ್ಲಿ, ಕಾರು ಕಳುವಾಯಿತು. ಪಾರ್ಕಿಂಗ್ ಚೀಟಿಯಲ್ಲಿ "ಮಾಲೀಕರ ಸ್ವಂತ ಜವಾಬ್ದಾರಿ" ಎಂದು ಇತ್ತು. ಹೋಟೆಲಿನ ಅಥವಾ ಅದರ ಕೆಲಸಗಾರರ ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಆ ಸಾಲಿನ ಹಿಂದೆ ಅಡಗಲು ಆಗುವುದಿಲ್ಲ ಎಂದು ಕೋರ್ಟ್ ಹೇಳಿತು. ಅದು ಕಾರಿನ ವಿಷಯ, ನಿಮ್ಮದು ಮಗುವಿನ ಕೈ. ವಾದ ಮಾತ್ರ ಅದೇ. ಸ್ಲೈಡಿನಲ್ಲಿ ನೀರು ಮೂಗಿಗೆ ಹೋಗುತ್ತದೆ, ಮೊಣಕೈ ತರಚುತ್ತದೆ, ಅಂಥ ಅಪಾಯ ಒಪ್ಪಿಕೊಂಡೇ ನಾವು ಹೋಗುತ್ತೇವೆ. ಕುರ್ಚಿ ಖಾಲಿ ಬಿಟ್ಟು ಒಬ್ಬರ ಮೇಲೆ ಒಬ್ಬರನ್ನು ಬಿಡುವುದನ್ನು ಯಾರೂ ಒಪ್ಪಿಕೊಂಡು ಟಿಕೆಟ್ ತೆಗೆದುಕೊಂಡಿರುವುದಿಲ್ಲ.

ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಹೊತ್ತವರ ಬಗ್ಗೆ ಇನ್ನೊಂದು ಹಳೆಯ ಕೇಸ್ ಇದೆ. 1995ರಲ್ಲಿ ಪಂಜಾಬಿನ ಶಾಲೆಯೊಂದರ ಮಕ್ಕಳು ಪಿಕ್ನಿಕ್ಕಿಗೆ ಹೋಗಿ ಬಿಯಾಸ್ ನದಿಯಲ್ಲಿ 14 ಜನ ಮುಳುಗಿದರು. ಜೊತೆಯಲ್ಲಿದ್ದ ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯೇ ಹೊಣೆ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಒಂದೊಂದು ಮಗುವಿಗೆ 5 ಲಕ್ಷ ಪರಿಹಾರವನ್ನು ಎತ್ತಿಹಿಡಿಯಿತು. ಕೆಲಸಗಾರನ ತಪ್ಪಿಗೆ ಕೆಲಸ ಕೊಟ್ಟವರು ಉತ್ತರ ಕೊಡಬೇಕು. ಸ್ಲೈಡಿನ ಮೇಲೆ ನಿಂತು ಜನರನ್ನು ಬಿಡುತ್ತಿದ್ದ ಕೆಲಸಗಾರನನ್ನು ಮಾತ್ರ ಮುಂದೆ ತಳ್ಳಿ ಪಾರ್ಕ್ ಪಾರಾಗುವಂತಿಲ್ಲ.

ಇನ್ನು ನಿಮ್ಮ ಪಾಲು. ಪಾರ್ಕಿನ ವಕೀಲರು "ಅಪ್ಪನೇ ನಿಲ್ಲು ಎಂದ" ಎಂದು ಖಂಡಿತ ಎತ್ತುತ್ತಾರೆ. ಗಾಯಗೊಂಡವರ ಕಡೆಯಲ್ಲೂ ತಪ್ಪಿದ್ದರೆ ಪರಿಹಾರ ಸ್ವಲ್ಪ ಕಡಿಮೆ ಆಗಬಹುದು, ಕೇಸೇ ಬಿದ್ದುಹೋಗುವುದಿಲ್ಲ. ಇಲ್ಲಿ ಗಾಯ ಆಗಿದ್ದು ಮಗುವಿಗೆ, ಕೂಗಿದ್ದು ನೀವು, ಅದೂ ಬೇರೆ. ಮತ್ತು 4ನೇ ಸೆಕೆಂಡಿನ ಲೆಕ್ಕ ನಿಮ್ಮ ಪರವಾಗಿದೆ.

ಅದಕ್ಕೇ ಹೇಳುತ್ತೇನೆ, ವಿಡಿಯೋ ಕಟ್ ಮಾಡಲೇಬೇಡಿ. ಒಂದು ಸೆಕೆಂಡ್ ಕೂಡ. ಕತ್ತರಿಸಿದ್ದು ಗೊತ್ತಾದರೆ ನೀವು ಹೇಳಿದ ನಿಜವನ್ನೂ ನಂಬುವುದಿಲ್ಲ. ಮುಚ್ಚಿಟ್ಟರೆ ಖಾಲಿ ಕುರ್ಚಿಯೂ ಮುಚ್ಚಿಹೋಗುತ್ತದೆ. ಮೂಲ ಫೈಲ್ ಆ ಮೊಬೈಲಿನಲ್ಲೇ ಇರಲಿ, ಫೋನ್ ಬದಲಿಸಬೇಡಿ, ಪೆನ್ ಡ್ರೈವಿಗೆ ಒಂದು ಕಾಪಿ ಮಾಡಿ. ವಾಟ್ಸಾಪಿನಲ್ಲಿ ಕಳಿಸಿದ್ದು ಸಾಕ್ಷಿಗೆ ಸಾಲದು, ಅದು ಕುಗ್ಗಿರುತ್ತದೆ. ಹಾಜರುಪಡಿಸುವಾಗ ಎಲೆಕ್ಟ್ರಾನಿಕ್ ಸಾಕ್ಷಿಗೆ ಕೊಡುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಸರ್ಟಿಫಿಕೇಟ್ ಬೇಕಾಗಬಹುದು, ಹಿಂದೆ 65ಬಿ ಎನ್ನುತ್ತಿದ್ದರಲ್ಲ, ಅದೇ.

ಎಲ್ಲದಕ್ಕಿಂತ ಅರ್ಜೆಂಟ್ ಸಿಸಿಟಿವಿ. ಎಷ್ಟೋ ಕಡೆ ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ. ಇವತ್ತೇ ಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ಇಂಥ ದಿನ, ಇಂಥ ಸಮಯ, ಸ್ಲೈಡಿನ ಮೇಲಿನ ಮತ್ತು ಕೆಳಗಿನ ಕ್ಯಾಮೆರಾ, ಫಸ್ಟ್ ಏಡ್ ರಿಜಿಸ್ಟರ್, ಆ ದಿನದ ಡ್ಯೂಟಿ ಚಾರ್ಟ್, ಇವನ್ನೆಲ್ಲ ಉಳಿಸಿಡಿ ಎಂದು ಬರೆಯಿರಿ. ಆಮೇಲೆ ಅಳಿಸಿಹೋಯಿತು ಎಂದರೆ ಯಾಕೆ ಎಂದು ಅವರೇ ಹೇಳಬೇಕಾಗುತ್ತದೆ. ಟಿಕೆಟ್, ಲಾಕರ್ ರಸೀದಿ, ಕೈಗೆ ಕಟ್ಟಿದ್ದ ಪಟ್ಟಿ, ಯಾವುದನ್ನೂ ಎಸೆಯಬೇಡಿ.

ಕೇಸ್ ಬೆಂಗಳೂರಿನಲ್ಲೇ ಹಾಕಬೇಕು ಎಂದಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯಲ್ಲಿ ದೂರುದಾರರು ವಾಸ ಇರುವ ಊರಿನ ಜಿಲ್ಲಾ ಆಯೋಗದಲ್ಲೇ ಹಾಕಬಹುದು, ಅಂದರೆ ನಿಮಗೆ ದಾವಣಗೆರೆಯಲ್ಲೇ. ಮಗುವಿನ ಪರವಾಗಿ ಅಪ್ಪ ಅಥವಾ ಅಮ್ಮ ಹಾಕಬಹುದು. ನೀವು ಕೊಟ್ಟ ಟಿಕೆಟ್ ಹಣ 5 ಲಕ್ಷದ ಒಳಗಿರುವುದರಿಂದ ಫೀಸ್ ಇಲ್ಲ. ವಕೀಲರು ಇರಲೇಬೇಕು ಎಂದೂ ಇಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಘಟನೆ ನಡೆದು ಎರಡು ವರ್ಷದ ಒಳಗೆ ಹಾಕಬೇಕು. ನೋಟಿಸ್ ಸಿಕ್ಕ ಮೇಲೆ ಅವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15. ಕಾನೂನಿನಲ್ಲಿ ಮೂರು ತಿಂಗಳಲ್ಲಿ ಮುಗಿಸಬೇಕು ಎಂದಿದೆ, ಆದರೆ ಅಷ್ಟರಲ್ಲಿ ಮುಗಿಯುವುದು ಕಡಿಮೆ, ತಾಳ್ಮೆ ಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ ನೋಡಬಹುದು, ಕೆಲವು ಕಂಪನಿಗಳು ಅಲ್ಲಿಗೇ ಮಾತಿಗೆ ಬರುತ್ತವೆ.

ಪೊಲೀಸ್ ದೂರು ನಿಮ್ಮ ಇಷ್ಟ. ಮೂಳೆ ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯ, ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಬರುತ್ತದೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯ ಎಂದು ಆಸ್ಪತ್ರೆ ಬರೆದಿಡುವ ದಾಖಲೆ) ಮಾಡಿದ್ದಾರಾ ಕೇಳಿ. ಗ್ರಾಹಕರ ಆಯೋಗಕ್ಕೆ ಎಫ್‌ಐಆರ್ ಇರಲೇಬೇಕು ಎಂದಿಲ್ಲ.

ಇನ್ಶೂರೆನ್ಸಿನಿಂದ ಬಂದ 1,10,000ವನ್ನು ದೂರಿನಲ್ಲಿ ತೋರಿಸಿ. ಬಾಕಿ ಬಿಲ್, ಮುಂದಿನ ಆಪರೇಷನ್, ಓಡಾಟ, ನಿಮ್ಮ ರಜೆ, ಮಗುವಿನ ನೋವು, ಇವಕ್ಕೆ ಕೇಳಿ. ಐವತ್ತು ಲಕ್ಷ ಎಂದು ಬರೆದರೆ ದೂರಿನ ತೂಕ ಕಡಿಮೆ ಆಗುತ್ತದೆ, ಲೆಕ್ಕ ಕೊಡಬಲ್ಲ ಮೊತ್ತ ಬರೆಯಿರಿ.

ಹಾಸನದವಳು

ವಕೀಲರು ಸಹಿ ಬೇಡ ಎಂದಿದ್ದು ನನಗೆ ಎರಡು ವರ್ಷ ಮೊದಲು ಯಾರಾದರೂ ಹೇಳಿದ್ದರೆ ಎನಿಸಿತು. ಒಂದು ರೆಸಾರ್ಟಿನ ಈಜುಕೊಳದ ಮೆಟ್ಟಿಲಲ್ಲಿ ಪಾಚಿ ಕಟ್ಟಿತ್ತು, ಜಾರಿ ಬಿದ್ದೆ, ಮೊಣಕಾಲು ಊದಿತು. ಅವತ್ತು ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ ಎಂದರು. ರೆಸಾರ್ಟಿನವರು ತುಂಬ ಮರ್ಯಾದೆಯಿಂದ ಮಾತಾಡಿದರು, ಹಣ್ಣಿನ ಬುಟ್ಟಿ ಕಳಿಸಿದರು, 8,000 ಕೊಟ್ಟು ಒಂದು ಫಾರ್ಮಿಗೆ ಸಹಿ ಹಾಕಿಸಿಕೊಂಡರು. ನಾನೂ ಪಾಪ ಒಳ್ಳೆಯ ಜನ ಎಂದುಕೊಂಡೆ. ಮೂರು ತಿಂಗಳಾದರೂ ಮೆಟ್ಟಿಲು ಇಳಿಯಲು ಆಗಲಿಲ್ಲ, ಎಂಆರ್‌ಐ ಮಾಡಿಸಿದರೆ ಒಳಗೆ ಲಿಗಮೆಂಟ್ ಹರಿದಿತ್ತು. ಆಪರೇಷನ್ ಖರ್ಚು ಎಲ್ಲ ನಮ್ಮ ಮೇಲೆ. ಫೋನ್ ಮಾಡಿದರೆ ಸಹಿಯ ಫೋಟೋ ವಾಟ್ಸಾಪ್ ಮಾಡಿದರು. ಈಗಲೂ ನೆಲದ ಮೇಲೆ ಕೂತು ಊಟ ಮಾಡಲು ಆಗುವುದಿಲ್ಲ.

ನಿಮ್ಮ ಮಗನಿಗೆ ಏನಾಗುತ್ತದೆ ಎಂದು ಪೂರ್ತಿ ಗೊತ್ತಾಗುವವರೆಗೆ ಪೆನ್ನು ಮುಟ್ಟಬೇಡಿ.

ಇಬ್ಬರು_ಮಕ್ಕಳ_ಅಮ್ಮ

ಸೆಕೆಂಡಿನ ಲೆಕ್ಕ ಓದಿದ ಮೇಲೆ ನಾನು ಬರೆದದ್ದು ಅರ್ಧ ಮಾತ್ರ ಸರಿ ಅನಿಸಿತು. ಕೊಳದಲ್ಲಿ ನಿಲ್ಲಿಸಿ ಫೋಟೋ ತೆಗೆಯಬಾರದು ಎಂಬ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಆದರೆ ಅದಕ್ಕೂ ಆ ಕುರ್ಚಿ ಖಾಲಿ ಇದ್ದದ್ದಕ್ಕೂ ಸಂಬಂಧ ಇಲ್ಲ. ಮುಂದಿನ ಸಲ ಹೋದಾಗ ಮೊದಲು ಆ ಕುರ್ಚಿಯಲ್ಲಿ ಯಾರಾದರೂ ಇದ್ದಾರಾ ಎಂದು ನೋಡುತ್ತೇನೆ, ಇಲ್ಲದಿದ್ದರೆ ಮಕ್ಕಳನ್ನು ಕ್ಯೂನಿಂದಲೇ ಕರೆದುಕೊಂಡು ಬರುತ್ತೇನೆ. ಮಗ ಹೇಗಿದ್ದಾನೆ?

ಬೆಣ್ಣೆನಗರಿ_ಅಪ್ಪ

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೇಡಂ, ನೀವು ಬೈದಿದ್ದಕ್ಕೆ ಬೇಜಾರಿಲ್ಲ, ಯಾರಾದರೂ ಹೇಳಬೇಕಿತ್ತು. ಮನೆಯಲ್ಲಿ ಎಲ್ಲರೂ "ನಿನ್ನ ತಪ್ಪಿಲ್ಲ" ಎನ್ನುತ್ತಿದ್ದರು, ಅದು ಇನ್ನೂ ಕಷ್ಟವಾಗುತ್ತಿತ್ತು.

ಇವತ್ತು ಹೊಲಿಗೆ ಬಿಚ್ಚಿಸಿಕೊಂಡು ಬಂದೆವು. ಬೆರಳುಗಳೆಲ್ಲ ಆಡುತ್ತಿವೆ. ಹೆಬ್ಬೆರಳಿನ ಬುಡದಲ್ಲಿ ಸ್ವಲ್ಪ ಮರಗಟ್ಟಿದ ಹಾಗೆ ಇದೆಯಂತೆ, ಕಾಯೋಣ ಎಂದಿದ್ದಾರೆ ಡಾಕ್ಟರು. ಪ್ಲೇಟ್ ತೆಗೆಯಬೇಕಾ ಎಂದು ಮುಂದೆ ನೋಡಿ ಹೇಳುತ್ತಾರಂತೆ, ಅದನ್ನೂ ಬರೆಸಿಕೊಂಡೆ. ಎಂಎಲ್‌ಸಿ ಆಗಿದೆ.

ಮ್ಯಾನೇಜರಿಗೆ ಸಹಿ ಹಾಕುವುದಿಲ್ಲ ಎಂದು ತಿಳಿಸಿದೆ. ಸಿಸಿಟಿವಿ ಮತ್ತು ರಿಜಿಸ್ಟರ್ ಉಳಿಸಿಡಿ ಎಂದು ಮೇಲ್ ಮಾಡಿದೆ, ಸ್ಪೀಡ್ ಪೋಸ್ಟೂ ಆಯಿತು. ಅರ್ಧ ಗಂಟೆಯಲ್ಲಿ ಮ್ಯಾನೇಜರೇ ಫೋನ್ ಮಾಡಿ 15,000ವನ್ನು 40,000 ಮಾಡಿದರು. ಬರೆದು ಕಳಿಸಿ ಎಂದೆ. ಇನ್ನೂ ಬಂದಿಲ್ಲ.

ಆ ಪಿಜಿ ಹುಡುಗ ಸಂಜೆ ಫೋನ್ ಮಾಡಿದ್ದ, ಎರಡು ದಿನಕ್ಕೊಮ್ಮೆ ಮಾಡುತ್ತಾನೆ. ನಿನ್ನ ಮೇಲೆ ಯಾವ ಕೇಸೂ ಇಲ್ಲಪ್ಪಾ, ಮೇಲೆ ನಿನ್ನನ್ನು ಯಾವಾಗ ಬಿಟ್ಟರು, ಏನಾದರೂ ಹೇಳಿದರಾ ಎಂದು ನೆನಪಿರುವಾಗಲೇ ಬರೆದು ಕೊಡುತ್ತೀಯಾ ಎಂದೆ. ಕೊಡುತ್ತೇನೆ ಎಂದ. ಮೇಲೆ ಇದ್ದವನು ಬೆನ್ನ ಮೇಲೆ ಕೈ ಇಟ್ಟು "ಹೋಗಿ ಹೋಗಿ, ಬೇಗ" ಎಂದನಂತೆ.

ರಾತ್ರಿ ದೂರಿನ ಕರಡು ಬರೆದು ಹೆಂಡತಿಗೆ ಓದಿ ಹೇಳಿದೆ. ಪೂರ್ತಿ ಕೇಳಿ "ನೀವು ಕೂಗಿದ್ದು ಎಲ್ಲಿ?" ಎಂದಳು. ನಾನು ಬರೆದೇ ಇರಲಿಲ್ಲ. ಈಗ ಸೇರಿಸಿದ್ದೇನೆ, "ನಾಲ್ಕನೇ ಸೆಕೆಂಡಿಗೆ ನಾನು ಅವನಿಗೆ ಅಲ್ಲೇ ನಿಲ್ಲು ಎಂದೆ" ಅಂತ. ವಿಡಿಯೋ ಪೂರ್ತಿ ಇದೆ, ಹಾಗೇ ಕೊಡುತ್ತೇನೆ. ಅವರ ಉತ್ತರ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.